ವರ್ತಕ ಸಂಸ್ಥೆಗಳ ಆತ್ಮಶಾಸನ

(ಶ್ರೀಮಠದ ಮಹೋತ್ಸವದ ಶಿವಾನುಭವಗೋಷ್ಠಿಯಲ್ಲಿ ನಡೆದ ಉಪನ್ಯಾಸ)

॥ ಶ್ರೀ ಗುರುಬಸವಲಿಂಗಾಯ ನಮಃ ॥

ಇಂತಹ ಮಹೋತ್ಸವಗಳಲ್ಲಿ ಷಟ್‌ಸ್ಥಲ, ಅಷ್ಟಾವರಣ, ಪಂಚಾಚಾರಗಳನ್ನು ಕುರಿತು ಉಪನ್ಯಾಸಗಳಾಗುವುದು ವಾಡಿಕೆ. ಇಂದಿನ ಗೋಷ್ಠಿಗೆ ಗೊತ್ತಾಗಿರುವ ವಿಷಯವು ಮೇಲುನೋಟಕ್ಕೆ ಕೇವಲ ಲೌಕಿಕವಾಗಿ ತೋರುವುದು. ದೇಶದೇಶಾಂತರಗಳಲ್ಲಿ ವ್ಯವಹರಿಸುವ ಕಂಪೆನಿಗಳು ತಮ್ಮನ್ನು ತಾವೇ ನಿಯಮಕ್ಕೆ ಒಳಪಡಿಸಿಕೊಳ್ಳಬಲ್ಲವೆ, ಲೋಕದ ಆಡಳಿತದಲ್ಲಿ ಅಂತಹ ಆತ್ಮಶಾಸನಕ್ಕೆ ಎಷ್ಟು ಸ್ಥಾನವಿದೆ ಎಂಬುದೇ ಆ ವಿಷಯ. ಆದರೆ ಕಾಯಕವನ್ನು ಆಚಾರದಿಂದ ಬೇರ್ಪಡಿಸದಿರುವುದೇ ಶರಣಮಾರ್ಗದ ವೈಶಿಷ್ಟ್ಯವಾದುದರಿಂದ, ಸಂಪಾದನೆಯ ರೀತಿಯನ್ನು ವಿಚಾರಿಸುವುದು ಶಿವಾನುಭವಗೋಷ್ಠಿಗೆ ಹೊರಗಾದ ಮಾತಲ್ಲ. ಅಲ್ಲದೆ ಸಂಡೂರಿನ ಬೆಟ್ಟಗಳ ಮಗ್ಗುಲಲ್ಲಿ ವಾಸಿಸುವ ಜನರಿಗೆ ಈ ಪ್ರಶ್ನೆಯು ಪುಸ್ತಕದಿಂದ ಬಂದುದಲ್ಲ. ಕೆಂಪು ಧೂಳಿನ ರೂಪದಿಂದ ಮನೆಯ ಬಾಗಿಲಿಗೇ ಬಂದುದಾಗಿದೆ.

ಮೊದಲು ಕಂಪೆನಿಯೆಂದರೇನೆಂಬುದನ್ನು ಅರಿಯತಕ್ಕದ್ದು. ಹಲವರು ತಮ್ಮ ಹಣವನ್ನು ಪಾಲುಗಳ ರೂಪದಲ್ಲಿ ಒಂದೆಡೆ ಸೇರಿಸಿ ವ್ಯಾಪಾರ ಮಾಡಿದಾಗ ಆ ಕೂಟಕ್ಕೆ ಕಾನೂನು ಒಬ್ಬ ವ್ಯಕ್ತಿಯ ಸ್ಥಾನವನ್ನು ಕೊಡುತ್ತದೆ. ಆ ವ್ಯಕ್ತಿಯು ಆಸ್ತಿಯನ್ನು ಹೊಂದಬಹುದು, ಸಾಲ ಮಾಡಬಹುದು, ವ್ಯಾಜ್ಯ ಹೂಡಬಹುದು. ಪಾಲುದಾರರು ಸತ್ತರೂ ತಾನು ಸಾಯದೆ ಉಳಿಯಬಹುದು. ಆದರೆ ಈ ವ್ಯಕ್ತಿಗೆ ಹಸಿಯುವ ಒಡಲಿಲ್ಲ, ನಾಚುವ ಮುಖವಿಲ್ಲ. ನಷ್ಟವಾದರೆ ಪಾಲುದಾರನ ಹೊಣೆಯು ಅವನು ಹಾಕಿದ ಹಣದಷ್ಟಕ್ಕೇ ಸೀಮಿತವಾಗಿರುತ್ತದೆ. ಮೇಲಾಗಿ ಅರಸನ ಆಜ್ಞೆಯು ತನ್ನ ಗಡಿಯವರೆಗೆ ಮಾತ್ರ ನಡೆಯುವುದು. ಕಂಪೆನಿಯ ವ್ಯವಹಾರವಾದರೋ ಗಡಿಗಳನ್ನು ದಾಟಿ ಹರಿಯುವುದು. ಸಂಡೂರಿನಲ್ಲಿ ಅಗೆದ ಅದುರು ಚೀನದ ಕುಲುಮೆಯಲ್ಲಿ ಕರಗಿದಾಗ, ಆ ವ್ಯವಹಾರವೆಲ್ಲವನ್ನೂ ಆದ್ಯಂತವಾಗಿ ನೋಡಬಲ್ಲ ಒಬ್ಬ ಶಾಸಕನು ಲೋಕದಲ್ಲಿ ಇಲ್ಲ. ಈ ಶೂನ್ಯಸ್ಥಾನವನ್ನು ತುಂಬುವುದಕ್ಕಾಗಿ ವರ್ತಕರು ತಾವೇ ತಮಗೆ ವಿಧಿಸಿಕೊಳ್ಳುವ ಕಟ್ಟಳೆಗಳಿಗೆ ಆತ್ಮಶಾಸನವೆಂದು ಹೆಸರಿಡಬಹುದು.

ಇದು ಪಾಶ್ಚಾತ್ಯರು ಹೊಸದಾಗಿ ಕಂಡುಹಿಡಿದ ಪದ್ಧತಿಯೆಂದು ಕೆಲವರು ಭಾವಿಸುವುದುಂಟು. ಕರ್ಣಾಟಕದ ಶಾಸನಗಳನ್ನು ಓದಿದವರು ಹಾಗೆ ಹೇಳಲಾರರು. ಮಲಪ್ರಭೆಯ ತೀರದ ಅಯ್ಯಾವೊಳೆಯನ್ನು ಮೂಲಸ್ಥಾನವಾಗಿ ಉಳ್ಳ ಐನೂರ್ವರೆಂಬ ವರ್ತಕ ಸಮುದಾಯವು ಹಲವು ಶತಮಾನಗಳ ಕಾಲ ದಕ್ಷಿಣಾಪಥದಲ್ಲಿ ವ್ಯಾಪಾರವನ್ನು ನಡೆಯಿಸಿತು. ಚಾಲುಕ್ಯರು, ಹೊಯ್ಸಳರು, ಚೋಳರು ತಮ್ಮೊಳಗೆ ಕಾದಾಡುತ್ತಿದ್ದ ಕಾಲದಲ್ಲಿಯೂ ಈ ವರ್ತಕರ ಹೇರುಗಳು ಒಂದು ರಾಜ್ಯದಿಂದ ಮತ್ತೊಂದಕ್ಕೆ ನಡೆಯುತ್ತಿದ್ದವು. ತಮ್ಮ ನಡವಳಿಕೆಯ ಕಟ್ಟಳೆಯನ್ನು ಅವರು ವೀರ ಬಣಂಜುಧರ್ಮವೆಂದು ಕರೆದುಕೊಂಡರು. ವ್ಯಾಪಾರಕ್ಕೆ ಧರ್ಮವೆಂಬ ಪದವನ್ನು ಜೋಡಿಸಿದುದೇ ಗಮನಾರ್ಹವಾಗಿದೆ. ಹೇರಿಗೆ ಇಷ್ಟು, ಮಳಿಗೆಗೆ ಇಷ್ಟು ಎಂದು ತಮ್ಮ ಮೇಲೆ ತಾವೇ ಆಯವನ್ನು ವಿಧಿಸಿಕೊಂಡು ದೇವಾಲಯಗಳಿಗೂ ಮಠಗಳಿಗೂ ಸಲ್ಲಿಸಿದುದಕ್ಕೆ ಶಿಲಾಶಾಸನಗಳು ಸಾಕ್ಷಿಯಾಗಿವೆ.

ಇವರ ವ್ಯಾಪ್ತಿಯು ಸಮುದ್ರದಾಚೆಗೂ ಇತ್ತು. ಸುಮಾತ್ರಾ ದ್ವೀಪದ ಪಶ್ಚಿಮ ಕರಾವಳಿಯ ಬಾರೂಸಿನ ಹತ್ತಿರ ದೊರೆತ ಕ್ರಿ.ಶ. 1088ರ ತಮಿಳು ಶಾಸನವು ಐನೂರ್ವರ ಹೆಸರಿನದು. ಅಲ್ಲಿಗೆ ಬರುವ ಹಡಗಿನವರು ಸಲ್ಲಿಸತಕ್ಕ ಕಾಣಿಕೆಯನ್ನು ಅದು ನಿಯಮಿಸುತ್ತದೆ. ಬರ್ಮಾದ ಪಗಾನಿನಲ್ಲಿ ನಾನಾದೇಶಿ ವರ್ತಕರ ಹೆಸರಿನ ದೇವಾಲಯವೊಂದು ಇದ್ದುದನ್ನು 13ನೆಯ ಶತಮಾನದ ಮತ್ತೊಂದು ಶಾಸನವು ತಿಳಿಸುತ್ತದೆ. ಅರಸನ ಕೈ ನಿಲುಕದೆಡೆಯಲ್ಲಿ ವರ್ತಕರ ಒಪ್ಪಂದವೇ ಶಾಸನವಾಗಿ ನಿಂತಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಹಂಪೆಯ ಭಕ್ತರಿಗೆ ಇನ್ನೂ ಸಮೀಪವಾದ ನಿದರ್ಶನವೊಂದಿದೆ. ಬೇಲೂರಿನ ಕ್ರಿ.ಶ. 1382ರ ಶಾಸನದ ಪ್ರಕಾರ, ವಿಜಯನಗರಿ, ದೋರಸಮುದ್ರ, ಪೆನುಗೊಂಡೆ, ಆದವಾನಿ, ಉದಯಗಿರಿ, ಕಂಚಿ, ಮಂಗಳೂರು, ಬಾರಕೂರು, ಹೊನ್ನಾವರ ಮೊದಲಾದ ಅನೇಕ ಪಟ್ಟಣಗಳ ವರ್ತಕರು ವಿರೂಪಾಕ್ಷನ ಸನ್ನಿಧಿಯಲ್ಲಿ ಕುಳಿತು, ತಮ್ಮೊಳಗೆ ಏಕಮತ್ಯಕ್ಕೆ ಬಂದು, ಎರಡನೆಯ ಹರಿಹರರಾಯನ ಮಂತ್ರಿಯಾದ ಮುದ್ದಯ್ಯ ದಂಡನಾಯಕನಿಗೆ ಪೃಥ್ವಿಶೆಟ್ಟಿತನವನ್ನು ಕೊಟ್ಟರು. ಇಲ್ಲಿ ಎರಡು ಅಂಶಗಳನ್ನು ಲಕ್ಷಿಸಬೇಕು. ಹಿರಿತನವನ್ನು ಕೊಟ್ಟವರು ವರ್ತಕರು, ಪಡೆದವನು ರಾಜ್ಯದ ಮಂತ್ರಿ. ಅಂದರೆ ವರ್ತಕರ ಸ್ವಾತಂತ್ರ್ಯವೂ ರಾಜ್ಯದ ಅಧಿಕಾರವೂ ದೇವರ ಸಮಕ್ಷಮದಲ್ಲಿ ಒಂದು ಗಂಟಿನಿಂದ ಕಟ್ಟಲ್ಪಟ್ಟವು.

ಹಳೆಯದೆಲ್ಲವೂ ಚಿನ್ನವೆಂದು ಹೇಳುವುದು ಸತ್ಯಕ್ಕೆ ದೂರವಾದೀತು. ಆ ಸಂಘಗಳು ಶಸ್ತ್ರಧಾರಿಗಳಾದ ಕಾವಲುಗಾರರನ್ನು ಇರಿಸಿಕೊಂಡಿದ್ದವು. ಸಂಘದೊಳಗಿನವರ ಹಿತವೇ ಅವುಗಳಿಗೆ ಮೊದಲು. ಹೇರು ಹೊತ್ತ ಕೂಲಿಯವನಿಗೆ ಸಂಘದಲ್ಲಿ ಸ್ಥಾನವಿತ್ತೆಂದು ಹೇಳುವಂತಿಲ್ಲ. ಆದರೂ ಅವರ ಕಟ್ಟಳೆಯು ನಿಂತುದಕ್ಕೆ ಕಾರಣಗಳು ಊಹೆಗೆ ನಿಲುಕುವಂತಹವು. ವರ್ತಕನು ಸಾಲಿಗೂ ಸರಕಿಗೂ ದಾರಿಯ ರಕ್ಷಣೆಗೂ ಸಂಘವನ್ನೇ ನಂಬಿದ್ದನು. ಸಂಘಕ್ಕೆ ಹೊರಗಾದವನಿಗೆ ಪರನಾಡಿನಲ್ಲಿ ದಿಕ್ಕಿರಲಿಲ್ಲ. ಕೊಟ್ಟ ಮಾತು ಕಲ್ಲಿನ ಮೇಲೆ, ಸಂತೆಗೆ ಬಂದವರೆಲ್ಲ ನೋಡುವಂತೆ, ಕೆತ್ತಲ್ಪಡುತ್ತಿತ್ತು. ಈ ಎರಡನ್ನು, ಎಂದರೆ ಹೊರಗಾಗುವ ಭಯವನ್ನೂ ಎಲ್ಲರಿಗೂ ಕಾಣುವ ಬರಹವನ್ನೂ, ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡತಕ್ಕದ್ದು.

ಇನ್ನು ವರ್ತಮಾನಕ್ಕೆ ಬರೋಣ. ಸಂಡೂರಿನ ಬೆಟ್ಟಗಳಲ್ಲಿ ಮ್ಯಾಂಗನೀಸ್ ಮತ್ತು ಕಬ್ಬಿಣದ ಅದುರುಗಳಿರುವುದು ಬಹುಕಾಲದಿಂದ ತಿಳಿದ ಸಂಗತಿ. 2000ದ ಅನಂತರ ಚೀನದಲ್ಲಿ ಉಕ್ಕಿನ ಬೇಡಿಕೆಯು ಏರಿ, 2008ರ ಬೀಜಿಂಗ್ ಒಲಿಂಪಿಕ್ಸಿನ ಮುಂಚಿನ ವರ್ಷಗಳಲ್ಲಿ ಅದುರಿನ ಬೆಲೆಯು ಹಿಂದೆಂದೂ ಕಾಣದಷ್ಟು ಹೆಚ್ಚಿತು. ಆ ಕಾಲದಲ್ಲಿ ಈ ಪ್ರಾಂತದಲ್ಲಿ ನಡೆದುದನ್ನು ಕಣ್ಣಾರೆ ಕಂಡವರು ಈ ಸಭೆಯಲ್ಲಿಯೇ ಅನೇಕರಿರುವರು. ಗುತ್ತಿಗೆಯ ಗಡಿಯನ್ನು ಮೀರಿ ಅಗೆಯಲಾಯಿತು, ಅರಣ್ಯವು ಒತ್ತುವರಿಯಾಯಿತು, ಪರವಾನಿಗೆಯಲ್ಲಿ ಬರೆದ ತೂಕಕ್ಕಿಂತ ಹೆಚ್ಚಿನ ಅದುರನ್ನು ಹೊತ್ತ ಲಾರಿಗಳು ಹಗಲಿರುಳೆನ್ನದೆ ಬಂದರುಗಳ ಕಡೆಗೆ ಸಾಗಿದವು. ರಸ್ತೆಯ ಇಕ್ಕೆಲದ ಹೊಲಗಳಲ್ಲಿ ಪೈರಿನ ಎಲೆಗಳ ಮೇಲೆ ಕೆಂಪು ಧೂಳು ಕುಳಿತಿತು. ಪ್ರಾಚೀನವಾದ ಕುಮಾರಸ್ವಾಮಿ ಮತ್ತು ಪಾರ್ವತಿ ದೇವಾಲಯಗಳ ಆಸುಪಾಸಿನ ಗಣಿಗಾರಿಕೆಯು ದೀರ್ಘಕಾಲದ ವಿವಾದಕ್ಕೆ ಗುರಿಯಾಯಿತು.

ರಾಜ್ಯದ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ ಹೆಗ್ಡೆಯವರು 2008ರ ಡಿಸೆಂಬರಿನಲ್ಲಿ ಮೊದಲನೆಯ ವರದಿಯನ್ನೂ 2011ರ ಜುಲೈ 27ರಂದು ಎರಡನೆಯ ವರದಿಯನ್ನೂ ಒಪ್ಪಿಸಿದರು. 2006ರಿಂದ 2010ರ ವರೆಗಿನ ಅವಧಿಯಲ್ಲಿ ಬೊಕ್ಕಸಕ್ಕೆ ಆದ ನಷ್ಟವನ್ನು ಎರಡನೆಯ ವರದಿಯು 16,085 ಕೋಟಿ ರೂಪಾಯಿಗಳೆಂದು ಅಂದಾಜು ಮಾಡಿತು. ವರ್ತಕರ ಹೆಸರುಗಳೊಡನೆ ನೂರಾರು ಅಧಿಕಾರಿಗಳ ಹೆಸರುಗಳೂ ಅದರಲ್ಲಿದ್ದವು. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಜಪ್ತಿಯಾಗಿದ್ದ ಅದುರಿನ ದೊಡ್ಡ ಭಾಗವು ಜಪ್ತಿಯಾದ ಮೇಲೆಯೇ ಕಾಣದೆ ಹೋಯಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯವು 2009ರಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮರುತಿಂಗಳು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಿಗೂ ಆ ಆಜ್ಞೆಯನ್ನು ವಿಸ್ತರಿಸಿತು.

ಇಲ್ಲಿ ಒಂದು ವಿಚಿತ್ರವಾದ ಸಂಗತಿಯನ್ನು ಹೇಳಬೇಕು. ಅದೇ 2011ರ ಜೂನ್ 16ರಂದು ಜಿನೀವಾ ನಗರದಲ್ಲಿ ಸಂಯುಕ್ತ ರಾಷ್ಟ್ರಗಳ ಮಾನವಹಕ್ಕುಗಳ ಮಂಡಲಿಯು ವ್ಯಾಪಾರ ಸಂಸ್ಥೆಗಳಿಗೆ ಸಂಬಂಧಿಸಿದ ಮಾರ್ಗದರ್ಶಕ ಸೂತ್ರಗಳನ್ನು ಅಂಗೀಕರಿಸಿತ್ತು. ಜನರ ಹಕ್ಕುಗಳನ್ನು ಕಾಪಾಡುವುದು ರಾಜ್ಯದ ಕರ್ತವ್ಯ, ಅವುಗಳನ್ನು ಗೌರವಿಸುವುದು ಕಂಪೆನಿಯ ಹೊಣೆ, ಹಾನಿಗೊಂಡವನಿಗೆ ಪರಿಹಾರ ದೊರೆಯಬೇಕು ಎಂಬ ಮೂರು ಅಂಶಗಳು ಅವುಗಳ ಸಾರ. ಜಿನೀವೆಯ ಸೂತ್ರಗಳು ಹುಟ್ಟಿ ಆರು ವಾರಗಳು ಕಳೆಯುವಷ್ಟರಲ್ಲಿ ಸಂಡೂರಿನ ಗಣಿಗಳು ಮುಚ್ಚಿದವು. ಮುಚ್ಚಿಸಿದುದು ಆ ಸೂತ್ರಗಳಲ್ಲ, ವರ್ತಕರ ಆತ್ಮಶಾಸನವೂ ಅಲ್ಲ; ನ್ಯಾಯಾಲಯದ ದಂಡ.

ದಂಡವು ಹೇಗೆ ನಡೆಯಿತೆಂಬುದೂ ತಿಳಿಯತಕ್ಕ ವಿಷಯ. ನ್ಯಾಯಾಲಯದ ಆಜ್ಞೆಯಂತೆ ಪ್ರತಿಯೊಂದು ಗುತ್ತಿಗೆಯ ನೆಲವನ್ನೂ ಹೊಸದಾಗಿ ಅಳೆಯಲಾಯಿತು. ದೋಷವಿಲ್ಲದ ಅಥವಾ ಅತ್ಯಲ್ಪ ದೋಷದ ಗಣಿಗಳು ‘ಎ’ ವರ್ಗಕ್ಕೂ, ಗಡಿಯಾಚೆಗಿನ ಅಗೆತವು ನೂರಕ್ಕೆ ಹತ್ತು ಪಾಲಿನವರೆಗೆ ಇದ್ದವು ‘ಬಿ’ ವರ್ಗಕ್ಕೂ, ಅದನ್ನು ಮೀರಿದವು ‘ಸಿ’ ವರ್ಗಕ್ಕೂ ಸೇರಿದವು. 2013ರ ಏಪ್ರಿಲ್ 18ರ ತೀರ್ಪಿನಿಂದ ‘ಸಿ’ ವರ್ಗದ ಸುಮಾರು ಐವತ್ತು ಗುತ್ತಿಗೆಗಳು ರದ್ದಾದವು. ಉಳಿದವರು ಹಾಳಾದ ನೆಲವನ್ನು ಸರಿಪಡಿಸುವ ಯೋಜನೆಯನ್ನು ಒಪ್ಪಿದ ಮೇಲೆಯೇ ಕೆಲಸಕ್ಕೆ ಅನುಮತಿ ಪಡೆದರು. ಬಳ್ಳಾರಿಗೆ ವರ್ಷಕ್ಕೆ 250 ಲಕ್ಷ ಟನ್ನು, ಚಿತ್ರದುರ್ಗ ಮತ್ತು ತುಮಕೂರಿಗೆ ಒಟ್ಟು 50 ಲಕ್ಷ ಟನ್ನು ಎಂಬ ಮಿತಿ ಏರ್ಪಟ್ಟಿತು. ಅದುರಿನ ಮಾರಾಟವು ಮೇಲ್ವಿಚಾರಣೆಯ ಸಮಿತಿಯ ಹರಾಜಿನ ಮೂಲಕವೇ ನಡೆಯಿತು. ಕ್ರಮೇಣ ಈ ಬಂಧನಗಳು ಸಡಿಲಗೊಂಡಿವೆ. 2022ರ ಮೇ ತಿಂಗಳಿನಲ್ಲಿ ನೇರ ಮಾರಾಟಕ್ಕೂ ಹೊರದೇಶದ ರಫ್ತಿಗೂ ಅವಕಾಶ ದೊರೆಯಿತು. ಅದೇ ವರ್ಷದ ಆಗಸ್ಟಿನಲ್ಲಿ ಬಳ್ಳಾರಿಯ ಮಿತಿಯು 350 ಲಕ್ಷ ಟನ್ನಿಗೆ, ಉಳಿದೆರಡು ಜಿಲ್ಲೆಗಳದು 150 ಲಕ್ಷ ಟನ್ನಿಗೆ ಏರಿತು. ಹೊರಗಿನ ಕಟ್ಟು ಸಡಿಲವಾದಷ್ಟೂ ಒಳಗಿನ ಕಟ್ಟು ಬಿಗಿಯಾಗಬೇಕು. ತತ್ಕಾರಣ ಆತ್ಮಶಾಸನದ ಪ್ರಶ್ನೆಯು ಈ ಪ್ರಾಂತಕ್ಕೆ ಹಳೆಯ ಕಥೆಯಲ್ಲ, ಇಂದಿನ ಅಗತ್ಯ.

ಮುಚ್ಚುಗಡೆಯ ಕಷ್ಟವು ಯಾರ ಮೇಲೆ ಬಿದ್ದಿತು? ಗಡಿ ಮೀರಿ ಅಗೆದವರ ಮೇಲೆ ಮಾತ್ರವೇ ಬಿದ್ದಿದ್ದರೆ ಅದನ್ನು ಕರ್ಮಫಲವೆನ್ನಬಹುದಾಗಿತ್ತು. ಸಾಲ ಮಾಡಿ ಲಾರಿ ಕೊಂಡ ಗೃಹಸ್ಥನು ಕಂತು ಕಟ್ಟಲಾರದೆ ಲಾರಿಯನ್ನು ಕಳೆದುಕೊಂಡನು. ಗಣಿಯ ಕೂಲಿಯವನು ಕೆಲಸವಿಲ್ಲದೆ ಕುಳಿತನು. ದೋಷವಿಲ್ಲದ ‘ಎ’ ವರ್ಗದ ಗಣಿಗಳೂ ಉಳಿದವುಗಳ ಸಂಗಡ ನಿಲ್ಲಬೇಕಾಯಿತು. ಆತ್ಮಶಾಸನವನ್ನು ಬಿಟ್ಟವರ ತಪ್ಪಿಗೆ ನಿಯಮದಲ್ಲಿದ್ದವರೂ ನಿಸ್ಸಹಾಯಕರೂ ದಂಡವನ್ನು ತೆತ್ತರು. ನೆರೆಯವನ ತಪ್ಪನ್ನು ಕಂಡೂ ಸುಮ್ಮನಿದ್ದ ಸಜ್ಜನ ವರ್ತಕನ ಮೌನವು ಅವನನ್ನು ಉಳಿಸಲಿಲ್ಲವೆಂಬುದು ಇಲ್ಲಿಯ ಮೊದಲನೆಯ ಪಾಠ.

ಲೋಕದ ಇತರ ಭಾಗಗಳಲ್ಲಿ ಆತ್ಮಶಾಸನದ ಗತಿ ಏನಾಗಿದೆಯೆಂಬುದನ್ನು ಸಂಗ್ರಹವಾಗಿ ನೋಡಬಹುದು. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ವಿಷಾನಿಲವು ಹೊರಟು ಸಾವಿರಾರು ಜನ ಸತ್ತ ತರುವಾಯ, ರಾಸಾಯನಿಕ ಕಂಪೆನಿಗಳು 1985ರಲ್ಲಿ ಕೆನಡಾ ದೇಶದಲ್ಲಿ ‘ಹೊಣೆಯರಿತ ಆರೈಕೆ’ಯೆಂಬ ಅರ್ಥದ ಹೆಸರಿನ ಕಟ್ಟಳೆಯೊಂದನ್ನು ಏರ್ಪಡಿಸಿಕೊಂಡವು; ಅದು ಅನೇಕ ದೇಶಗಳಿಗೆ ಹಬ್ಬಿತು. ಕಿಂಗ್ ಮತ್ತು ಲೆನಾಕ್ಸ್ ಎಂಬ ವಿದ್ವಾಂಸರು ಅಮೆರಿಕದ ಕಂಪೆನಿಗಳನ್ನು ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಕಟ್ಟಳೆಗೆ ಸೇರಿದ ಕಂಪೆನಿಗಳು ಸೇರದವುಗಳಿಗಿಂತ ಬೇಗನೆ ಸುಧಾರಿಸಲಿಲ್ಲವೆಂದು ತೋರಿಸಿದರು. ತಪ್ಪಿದವನನ್ನು ಹೊರಗೆ ಹಾಕುವ ಏರ್ಪಾಡಿಲ್ಲದುದರಿಂದ, ಆಚಾರವಿಲ್ಲದವರಿಗೆ ಸದಸ್ಯತ್ವವೇ ಮರೆಯಾಯಿತು. ಅನಂತರ ಹೊರಗಿನ ಪರೀಕ್ಷಕರ ತಪಾಸಣೆಯನ್ನು ಸೇರಿಸಲಾಯಿತು.

ಹೊರಗಿನ ಪರೀಕ್ಷಕನಿದ್ದ ಮಾತ್ರಕ್ಕೆ ಸಾಲದೆಂಬುದಕ್ಕೆ ಬ್ರೆಜಿಲ್ ದೇಶದ ಉದಾಹರಣೆಯಿದೆ. ಅಲ್ಲಿಯ ಬ್ರುಮಾಜಿನೊ ಎಂಬಲ್ಲಿ 2019ರ ಜನವರಿ 25ರಂದು ಕಬ್ಬಿಣದ ಗಣಿಯ ಕೆಸರನ್ನು ತಡೆದಿದ್ದ ಒಡ್ಡು ಒಡೆದು 270 ಜನ ಸತ್ತರು. ಆ ಒಡ್ಡು ಭದ್ರವಾಗಿದೆಯೆಂದು ಹಿಂದಿನ ವರ್ಷವಷ್ಟೆ ಯೋಗ್ಯತಾಪತ್ರ ದೊರೆತಿತ್ತು. ಪತ್ರ ಕೊಟ್ಟ ಪರೀಕ್ಷಕರಿಗೆ ಶುಲ್ಕ ತೆತ್ತವರು ಗಣಿಯ ಒಡೆಯರೇ. ಪರೀಕ್ಷಿಸಲ್ಪಡುವವನ ಅನ್ನವನ್ನು ಉಣ್ಣುವ ಪರೀಕ್ಷಕನ ನಾಲಗೆಯು ಸಡಿಲವಾಗುವುದು ಲೋಕಸ್ವಭಾವ. ಈ ದುರಂತದ ಫಲವಾಗಿ 2020ರ ಆಗಸ್ಟಿನಲ್ಲಿ, ಗಣಿ ಕಂಪೆನಿಗಳ ಮಂಡಲಿಯು ಸಂಯುಕ್ತ ರಾಷ್ಟ್ರಗಳ ಪರಿಸರ ಸಂಸ್ಥೆ ಮೊದಲಾದವುಗಳೊಡನೆ ಸೇರಿ ಇಂತಹ ಒಡ್ಡುಗಳಿಗೆ ಲೋಕವ್ಯಾಪಿಯಾದ ಮಾನದಂಡವನ್ನು ಹೊರಡಿಸಿತು.

ಮತ್ತೊಂದು ಉದಾಹರಣೆಯು ಆಸ್ಟ್ರೇಲಿಯದ್ದು. ಜೂಕನ್ ಕಮರಿಯೆಂಬಲ್ಲಿ 46,000 ವರ್ಷಗಳ ಹಿಂದಿನಿಂದಲೂ ಮನುಷ್ಯರು ಬಳಸಿದ್ದ ಗುಹೆಯನ್ನು ರಿಯೋ ಟಿಂಟೋ ಎಂಬ ಗಣಿ ಕಂಪೆನಿಯು 2020ರ ಮೇ ತಿಂಗಳಿನಲ್ಲಿ ಕಬ್ಬಿಣದ ಅದುರಿಗಾಗಿ ಸಿಡಿಸಿತು. ಆ ನೆಲದ ಮೂಲನಿವಾಸಿಗಳಿಗೆ ಅದು ಪವಿತ್ರಸ್ಥಾನವಾಗಿತ್ತು. ಆಶ್ಚರ್ಯವೆಂದರೆ ಕಂಪೆನಿಗೆ ಸರಕಾರದ ಅನುಮತಿಯು 2013ರಲ್ಲಿಯೇ ದೊರೆತಿತ್ತು. ಕಾನೂನಿನ ದೃಷ್ಟಿಯಿಂದ ತಪ್ಪು ನಡೆದಿರಲಿಲ್ಲ. ಆದರೂ ಪಾಲುದಾರರೂ ಜನರೂ ತಿರುಗಿಬಿದ್ದುದರಿಂದ ಕಂಪೆನಿಯ ಮುಖ್ಯಾಧಿಕಾರಿಯು ಪದವಿಯನ್ನು ಬಿಡಬೇಕಾಯಿತು. ಕಾನೂನಿಗೆ ಒಪ್ಪಿದುದೆಲ್ಲವೂ ಧರ್ಮಕ್ಕೆ ಒಪ್ಪಿದುದಲ್ಲವೆಂದೂ, ರಾಜ್ಯದ ದಂಡವೊಂದನ್ನೇ ನಂಬಿ ಕುಳಿತರೆ ಸಾಲದೆಂದೂ ಇದರಿಂದ ಸಿದ್ಧವಾಗುತ್ತದೆ. ಸಂಡೂರಿನಲ್ಲಿ ಕಾನೂನಿದ್ದೂ ಕಾಯತಕ್ಕವರು ಕಾಯಲಿಲ್ಲ. ಜೂಕನ್ನಿನಲ್ಲಿ ಕಾನೂನೇ ಅನುಮತಿಯನ್ನು ಕೊಟ್ಟಿತು. ಎರಡೆಡೆಯಲ್ಲಿಯೂ ಕೊರತೆಯಾದುದು ಒಳಗಿನ ಅರಿವು.

ಇವೆಲ್ಲವನ್ನು ಕೂಡಿಸಿ ನೋಡಿದರೆ ಆತ್ಮಶಾಸನವು ನಿಜವಾಗಬೇಕಾದರೆ ನಾಲ್ಕು ಲಕ್ಷಣಗಳು ಅವಶ್ಯವೆಂದು ತೋರುತ್ತದೆ. ಒಂದನೆಯದು, ಅಳತೆಗೋಲು ಅಳೆಯಲ್ಪಡುವವನ ಕೈಯಲ್ಲಿ ಇರಬಾರದು. ಭಾರತದಲ್ಲಿ 2016ರಿಂದ ಗಣಿಗಳಿಗೆ ನಕ್ಷತ್ರಗಳ ದರ್ಜೆಯನ್ನು ಕೊಡುವ ಪದ್ಧತಿಯಿದೆ. ಗಣಿಯವರು ಮೊದಲು ತಾವೇ ಅಂಕ ಹಾಕಿಕೊಂಡು, ಆ ಬಳಿಕ ಸರಕಾರದ ಗಣಿ ಇಲಾಖೆಯು ಅದನ್ನು ಪರಿಶೀಲಿಸುವುದು. ಇದರ ಬೆಲೆಯು ಆ ಪರಿಶೀಲನೆಯ ಬಿಗಿತವನ್ನೇ ಅವಲಂಬಿಸಿದೆ. ಎರಡನೆಯದು, ನಿಯಮವೂ ಲೆಕ್ಕವೂ ಹಿಂದಿನವರ ಶಿಲಾಶಾಸನದಂತೆ ಎಲ್ಲರ ಕಣ್ಣಿಗೆ ಕಾಣುವಂತಿರಬೇಕು. ಮೂರನೆಯದು, ತಪ್ಪಿದವನು ಕೂಟದಿಂದ ಹೊರಗಾಗುವ ಭಯವಿರಬೇಕು. ನಾಲ್ಕನೆಯದು, ಹಾನಿಗೊಳ್ಳುವವನ ಮಾತಿಗೆ ಸಭೆಯಲ್ಲಿ ಸ್ಥಾನವಿರಬೇಕು. ಧೂಳು ತಿನ್ನುವ ರೈತನೂ ಕೂಲಿಯ ಹೆಣ್ಣುಮಗಳೂ ಇಲ್ಲದ ಸಭೆಯು ಮಾಡಿದ ನಿಯಮವು ಅರ್ಧ ನಿಯಮ.

ಈ ನಾಲ್ಕೂ ಬಹಿರಂಗದ ಲಕ್ಷಣಗಳು. ಅಂತರಂಗದ ಲಕ್ಷಣವನ್ನು ಶರಣರ ಚರಿತ್ರೆಯಲ್ಲಿ ಕಾಣಬೇಕು. ಆಯ್ದಕ್ಕಿ ಮಾರಯ್ಯನ ಕಾಯಕವು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಪತ್ನಿಯಾದ ಲಕ್ಕಮ್ಮನು ಅದನ್ನು ಕಂಡು, ಅಗತ್ಯಕ್ಕೆ ಮೀರಿದುದು ಭಕ್ತರಿಗೆ ಸಲ್ಲದೆಂದು ತಿಳಿಹೇಳಿ, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಕಳುಹಿದಳು. ಯಾವ ಅಧಿಕಾರಿಯೂ ಅಳೆಯಲಿಲ್ಲ, ಯಾವ ನ್ಯಾಯಾಲಯವೂ ಕರೆಯಲಿಲ್ಲ. ಆದರೆ ಗಮನಿಸಿರಿ: ಮಾರಯ್ಯನಂತಹ ಶರಣನಿಗೂ ಮನೆಯಲ್ಲಿ ಅಳೆದು ಹೇಳುವ ಮತ್ತೊಬ್ಬರು ಬೇಕಾದರು. ಆತ್ಮಶಾಸನವೆಂದರೆ ಒಬ್ಬನೇ ತನ್ನನ್ನು ತಾನು ಹೊಗಳಿಕೊಳ್ಳುವುದಲ್ಲ. ಎದುರು ನಿಂತು ಬೇಡವೆನ್ನುವವರ ಮಾತನ್ನು ಕೇಳುವ ಮನಸ್ಸು. ಕಂಪೆನಿಯೊಳಗಿನ ಲೆಕ್ಕಿಗನಾಗಲಿ ಕೂಲಿಯಾಗಲಿ ಗಡಿ ಮೀರಿತೆಂದು ಹೇಳಿದರೆ ಅವನನ್ನು ಕೆಲಸದಿಂದ ತೆಗೆಯದೆ, ಮನೆಯ ಲಕ್ಕಮ್ಮನೆಂದು ಭಾವಿಸಿ ಕೇಳಬೇಕು.

ದಾಸೋಹವನ್ನು ಕುರಿತು ಒಂದು ಮಾತು. 2013ರ ಕಂಪೆನಿ ಕಾಯಿದೆಯ 135ನೆಯ ಕಲಮಿನಂತೆ, ಗೊತ್ತಾದ ಗಾತ್ರದ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ಪಾಲನ್ನು ಲೋಕೋಪಕಾರಕ್ಕೆ ವ್ಯಯಿಸತಕ್ಕದ್ದು. ಇದು ಒಳ್ಳೆಯದೇ, ಇದರಿಂದ ಶಾಲೆಗಳಾಗಿವೆ, ಕುಡಿಯುವ ನೀರು ದೊರೆತಿದೆ. ಆದರೆ ಶರಣರ ದೃಷ್ಟಿಯಲ್ಲಿ ಮೊದಲು ಕಾಯಕವು ಶುದ್ಧವಾಗಬೇಕು, ಆ ಮೇಲೆ ದಾಸೋಹ. ಕಾಯಕದ ದೋಷವನ್ನು ದಾಸೋಹದಿಂದ ತೊಳೆಯಲಾಗದು. ನೂರರಲ್ಲಿ ಎರಡನ್ನು ಕೊಟ್ಟವನಿಗೆ ಉಳಿದ ತೊಂಬತ್ತೆಂಟನ್ನು ಹೇಗೆ ಗಳಿಸಿದೆಯೆಂದು ಕೇಳುವವರು ಬೇಕು.

ಕೇಳುವವರು ಯಾರು? ರಾಜ್ಯವು ಕೇಳಬೇಕು, ನ್ಯಾಯಾಲಯವು ಕೇಳಬೇಕು. ಅವುಗಳ ಸಂಗಡ ಮಠವೂ ಕೇಳಬೇಕು. ಈ ಮಹೋತ್ಸವದ ಪಂಕ್ತಿಯಲ್ಲಿ ಗಣಿಯ ಗುತ್ತಿಗೆದಾರರೂ, ಲಾರಿಯ ಮಾಲೀಕರೂ, ಕಂಪ್ಲಿಯ ಕಬ್ಬು ಬತ್ತಗಳ ರೈತರೂ, ಹೊಸಪೇಟೆಯ ಅಂಗಡಿಕಾರರೂ, ಹಂಪೆಯ ಯಾತ್ರಿಕರಿಂದ ಜೀವಿಸುವವರೂ ಒಟ್ಟಿಗೆ ಕುಳಿತು ಪ್ರಸಾದವನ್ನು ಸ್ವೀಕರಿಸುತ್ತಾರೆ. ಹಾನಿ ಮಾಡಬಲ್ಲವನೂ ಹಾನಿಗೊಳ್ಳುವವನೂ ಮುಖಾಮುಖಿಯಾಗುವ ಸ್ಥಳವು ಇದಕ್ಕಿಂತ ಬೇರೆ ಯಾವುದಿದೆ? ಕಾಣಿಕೆಯನ್ನು ಸ್ವೀಕರಿಸುವ ಕೈಗೆ ಅದರ ಮೂಲವನ್ನು ವಿಚಾರಿಸುವ ಅಧಿಕಾರವೂ ಇದೆ, ಹೊಣೆಯೂ ಇದೆ. ದೊಡ್ಡ ಕಾಣಿಕೆ ಕೊಟ್ಟವನಿಗೆ ಮುಂದಿನ ಆಸನವೆಂಬ ಪದ್ಧತಿಯು ಎಲ್ಲಿ ಬೆಳೆಯುವುದೋ ಅಲ್ಲಿ ವಿಚಾರಿಸುವ ಬಾಯಿಯು ಮುಚ್ಚುವುದು. ಮಹೋತ್ಸವದ ಲೆಕ್ಕಪತ್ರವನ್ನು ಸಭೆಯ ಮುಂದೆ ಓದುವುದು ಆತ್ಮಶಾಸನದ ಪ್ರಥಮ ಪಾಠವಾಗಿ ಎಲ್ಲ ಮಠಗಳಿಗೂ ಶೋಭಿಸತಕ್ಕ ಪದ್ಧತಿ. ಅನ್ಯರಿಗೆ ಹೇಳುವ ನಿಯಮವನ್ನು ಮೊದಲು ತನ್ನ ಮನೆಯಲ್ಲಿ ನಡೆಸಿದವನ ಮಾತಿಗೆ ಬಲ ಬರುವುದು.

ಶರಣಬಂಧುಗಳೆ, ಬೆಟ್ಟದ ಅದುರು ಒಮ್ಮೆ ಅಗೆದರೆ ಮರಳಿ ಬೆಳೆಯುವಂತಹುದಲ್ಲ. ಈಗಿನ ತಲೆಮಾರು ಅದರ ಒಡೆಯನಲ್ಲ. ಮುಂದಿನವರ ಪರವಾಗಿ ಕಾಯುವ ಕಣಜದವನು. ರಾಜ್ಯದ ಕಾನೂನು ಹೊಲದ ಬೇಲಿಯಂತೆ ಹೊರಗೆ ನಿಲ್ಲಲಿ. ಆತ್ಮಶಾಸನವು ಹೊಲದ ಬೀಜದಂತೆ ಒಳಗೆ ಮೊಳೆಯಲಿ. ಬೇಲಿಯಿಲ್ಲದೆ ಬೀಜವು ಉಳಿಯದು, ಬೀಜವಿಲ್ಲದ ಹೊಲಕ್ಕೆ ಬೇಲಿಯು ವ್ಯರ್ಥ. ಸಂಡೂರು, ಹೊಸಪೇಟೆಗಳ ವರ್ತಕರು ತಮ್ಮ ಪೂರ್ವಿಕರಂತೆ ವ್ಯಾಪಾರಕ್ಕೆ ಧರ್ಮವೆಂಬ ಹೆಸರನ್ನು ಮತ್ತೆ ಜೋಡಿಸಿ, ಅದಕ್ಕೆ ತಕ್ಕಂತೆ ನಡೆದು, ಲೋಕದ ವರ್ತಕರಿಗೆ ಮೇಲ್ಪಂಕ್ತಿಯಾಗಲೆಂದು ಶ್ರೀಗುರುವಿನ ಪಾದಗಳಲ್ಲಿ ಪ್ರಾರ್ಥನೆ.